ಘಾಟಿ ತಿರುವಲ್ಲಿ ಬೈಕ್ ಜರ್ಕ್ ಹೊಡೀತಿದ್ಯಾ? ಕಂಪ್ಯೂಟರ್ ಟ್ಯೂನಿಂಗ್‌ಗೆ ದುಡ್ಡು ಸುರಿಯೋ ಮುಂಚೆ ಚೈನ್ ನೋಡಿ

ಮೂಡಿಗೆರೆ: ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯೋಕೆ ಶುರು ಮಾಡಿದ್ರೆ ಬೈಕ್ ಸವಾರರ ಬಲಗೈಗೆ ಬಿಡುವೇ ಇರಲ್ಲ. ತಿರುವು ಬಂತು, ರೇಸ್ ಬಿಡಬೇಕು. ತಿರುವು ಅರ್ಧ ಆಯ್ತು, ಮತ್ತೆ ಸ್ವಲ್ಪ ಕೊಡಬೇಕು. ಆ ‘ಸ್ವಲ್ಪ’ ಕೊಡುವಾಗಲೇ ಗಾಡಿ ಯಾರೋ ಹಿಂದಿನಿಂದ ತಳ್ಳಿದ ಹಾಗೆ ಮುಂದಕ್ಕೆ ನುಗ್ಗುತ್ತೆ. ಹಿಂದೆ ಕೂತವರ ಹೆಲ್ಮೆಟ್ ಮುಂದಿನವರ ಹೆಲ್ಮೆಟ್‌ಗೆ ಟಕ್ ಅಂತ ಬಡಿಯುತ್ತೆ. ಬೇಸಿಗೆಯ ಒಣ ರಸ್ತೆಯಲ್ಲಿ ಇದು ಬರೀ ಕಿರಿಕಿರಿ. ಮಳೆಗಾಲದಲ್ಲಿ ಪಾಚಿ ಹಿಡಿದ ತಿರುವಲ್ಲಿ ಇದೇ ಜರ್ಕ್‌ಗೆ ಹಿಂದಿನ ಚಕ್ರ ಜಾರಿದ್ರೆ ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ಎದುರಿಂದ ಬರೋ ಬಸ್ಸು.

ಹಿಮಾಲಯನ್, ಎಕ್ಸ್‌ಪಲ್ಸ್, ಕೆಟಿಎಂ ಅಡ್ವೆಂಚರ್ ತರದ ಎತ್ತರದ ಬೈಕ್‌ಗಳು ಈಗ ಪ್ರವಾಸಿಗರದ್ದು ಮಾತ್ರ ಅಲ್ಲ. ತೋಟಕ್ಕೆ ಹೋಗೋರು, ಕಳಸ, ಬಾಳೂರು ಕಡೆ ಕಿತ್ತು ಹೋದ ರಸ್ತೆಯಲ್ಲಿ ದಿನಾ ಓಡಾಡೋರು, ಹೋಂಸ್ಟೇಯವರು ಸೆಕೆಂಡ್ ಹ್ಯಾಂಡ್‌ನಲ್ಲಾದರೂ ಇದನ್ನೇ ಹುಡುಕ್ತಾರೆ. ಜೊತೆಗೇ ಬರೋ ದೂರು: ‘ಗಾಡಿ ಚೆನ್ನಾಗಿದೆ, ಆದ್ರೆ ಸ್ಲೋ ಹೋಗುವಾಗ ಜರ್ಕ್ ಹೊಡೆಯುತ್ತೆ’. ಗೆಳೆಯರ ಸಲಹೆ ರೆಡಿ ಇರುತ್ತೆ: ಇಸಿಯು ರೀಮ್ಯಾಪ್ ಮಾಡಿಸು, ಫ್ಯುಯೆಲ್ ಬಾಕ್ಸ್ ಹಾಕಿಸು. ಎರಡಕ್ಕೂ ಸಾವಿರಗಟ್ಟಲೆ ಬೇಕು. ಚೈನ್ ಸಡಿಲ ಸರಿ ಮಾಡೋಕೆ ಎರಡು ಸ್ಪ್ಯಾನರ್, ಅರ್ಧ ಗಂಟೆ ಸಾಕು. ಮೊದಲು ಮಾಡಬೇಕಾದ್ದು ಅದೇ.

ಜರ್ಕ್ ಹುಟ್ಟೋದು ಎಲ್ಲಿ?

ಈ ಬೈಕ್‌ಗಳಲ್ಲಿರೋದು ಒಂದೇ ಸಿಲಿಂಡರ್. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತು ತಿರುಗಿದ್ರೆ ಒಂದು ಸಲ ಪೆಟ್ರೋಲ್ ಉರಿಯುತ್ತೆ. ಅಂದರೆ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 25 ಹೊಡೆತ, 1,500ರಲ್ಲಿ ಬರೀ ಹನ್ನೆರಡೂವರೆ. ಹೊಡೆತದ ನಡುವಿನ ಅಂತರ ಜಾಸ್ತಿ ಆದಷ್ಟೂ ಒಂದೊಂದು ಹೊಡೆತವೂ ಬೇರೆ ಬೇರೆಯಾಗಿ ಮೈಗೆ ತಾಗುತ್ತೆ. ಮೂರನೇ ಗೇರಲ್ಲಿ ಆಮೆ ವೇಗದಲ್ಲಿ ಹೋದ್ರೆ ಗಾಡಿ ಕುಣಿಯೋದು ಇದಕ್ಕೇ. ಅದು ರಿಪೇರಿ ಅಲ್ಲ, ಗೇರ್ ಇಳಿಸಬೇಕು ಅಷ್ಟೆ.

ಎರಡನೇ ಕಾರಣ ಪೆಟ್ರೋಲ್ ಕಟ್. ಇಂಜೆಕ್ಷನ್ ಗಾಡಿಯಲ್ಲಿ ರೇಸ್ ಪೂರ್ತಿ ಬಿಟ್ಟು ಇಳಿಜಾರಲ್ಲಿ ಹೋಗುವಾಗ ಇಸಿಯು ಪೆಟ್ರೋಲ್ ಸಿಂಪಡಿಸೋದನ್ನ ನಿಲ್ಲಿಸಿಬಿಡುತ್ತೆ. ಮೈಲೇಜ್‌ಗೂ ಒಳ್ಳೆಯದು, ಹೊಗೆಯೂ ಕಮ್ಮಿ. ಆದರೆ ಮತ್ತೆ ರೇಸ್ ಕೊಟ್ಟಾಗ ಸೊನ್ನೆಯಿಂದ ಒಮ್ಮೆಗೇ ಉರಿ ಹತ್ತಬೇಕು. ದೀಪದ ಸ್ವಿಚ್ ಹಾಕಿದ ಹಾಗೆ, ಆಫ್ ಇಲ್ಲಾ ಆನ್. 2020ರ ಏಪ್ರಿಲ್‌ನಿಂದ ಬಿಎಸ್6 ನಿಯಮ ಬಂದಿದೆ. ಹೊಗೆ ಮಿತಿ ಬಿಗಿಯಾದ ಮೇಲೆ ಕಂಪನಿಗಳಿಗೆ ಧಾರಾಳವಾಗಿ ಪೆಟ್ರೋಲ್ ಬಿಟ್ಟು ಎಂಜಿನ್ ನಯ ಮಾಡೋ ಸ್ವಾತಂತ್ರ್ಯ ಉಳಿದಿಲ್ಲ.

ಮೂರನೆಯದೇ ಮುಖ್ಯ: ಸಡಿಲ. ಮಳೆಗಾಲದಲ್ಲಿ ಕೆಸರಲ್ಲಿ ಹೂತ ಜೀಪಿಗೆ ಹಗ್ಗ ಕಟ್ಟಿ ಎಳೆಯೋದನ್ನ ನೋಡದವರು ಈ ಕಡೆ ಯಾರೂ ಇಲ್ಲ. ಹಗ್ಗ ಬಿಗಿಯಾಗಿದ್ರೆ ಜೀಪು ನಿಧಾನಕ್ಕೆ ಮೇಲೆ ಬರುತ್ತೆ. ಹಗ್ಗ ಜೋಲು ಬಿದ್ದಿದ್ದಾಗ ಎಳೆದ್ರೆ ಧಡಾರ್ ಅಂತ ಹೊಡೆದು ಹುಕ್ ಕಿತ್ತು ಬರುತ್ತೆ. ಬೈಕ್ ಚೈನ್ ಕಥೆಯೂ ಅಷ್ಟೇ. ರೇಸ್ ಬಿಟ್ಟಾಗ ಚೈನಿನ ಕೆಳಭಾಗ ಬಿಗಿ, ಮೇಲ್ಭಾಗ ಸಡಿಲ. ರೇಸ್ ಕೊಟ್ಟಾಗ ತಿರುವುಮುರುವು. ಆ ಬದಲಾವಣೆಯ ಕ್ಷಣದಲ್ಲಿ ಎಷ್ಟು ಸಡಿಲ ಇದೆಯೋ ಅಷ್ಟು ದೂರ ಎಂಜಿನ್ ಖಾಲಿ ಓಡಿ ಹೋಗಿ ಚಕ್ರಕ್ಕೆ ಗುದ್ದುತ್ತೆ. ಇಸಿಯು ಎಷ್ಟೇ ನಯವಾಗಿ ಪೆಟ್ರೋಲ್ ಕೊಟ್ಟರೂ ಈ ಗುದ್ದು ಹೋಗಲ್ಲ. ರೀಮ್ಯಾಪ್ ಮಾಡಿಸಿ ಬಂದವರು ‘ಸ್ವಲ್ಪ ಪರವಾಗಿಲ್ಲ, ಆದ್ರೂ ಇದೆ’ ಅನ್ನೋದು ಬಹುಪಾಲು ಈ ಕಾರಣಕ್ಕೆ.

ಚೈನ್: ಲೂಸೂ ಕೆಟ್ಟದ್ದು, ಟೈಟೂ ಕೆಟ್ಟದ್ದು

ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ಗೆ ಹಾಕಿ, ಚೈನಿನ ಕೆಳಭಾಗದ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿ. ಎಷ್ಟು ಆಡಬೇಕು ಅನ್ನೋ ಅಳತೆ ಗಾಡಿಯ ಪುಸ್ತಕದಲ್ಲಿರುತ್ತೆ, ಕೆಲವದರಲ್ಲಿ ಚೈನ್ ಪಕ್ಕದ ಸ್ಟಿಕ್ಕರ್ ಮೇಲೂ ಇರುತ್ತೆ. ಸೈಡ್ ಸ್ಟ್ಯಾಂಡ್‌ನಲ್ಲಿ ಅಳೀಬೇಕಾ, ಸೆಂಟರ್ ಸ್ಟ್ಯಾಂಡ್‌ನಲ್ಲಾ ಅನ್ನೋದನ್ನೂ ಅಲ್ಲೇ ನೋಡಿ, ಅಳತೆ ವ್ಯತ್ಯಾಸ ಆಗುತ್ತೆ. ಚಕ್ರವನ್ನ ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಕಡೆ ನೋಡಬೇಕು. ಹಳೇ ಚೈನ್ ಎಲ್ಲಾ ಕಡೆ ಒಂದೇ ತರ ಸವೆದಿರಲ್ಲ. ಅತಿ ಬಿಗಿ ಇರೋ ಜಾಗದಲ್ಲಿ ಅಳತೆ ಸರಿ ಮಾಡಬೇಕು. ಒಂದು ಕಡೆ ತಂತಿ ತರ ಬಿಗಿ, ಇನ್ನೊಂದು ಕಡೆ ಜೋಲು ಅಂತಾದ್ರೆ ಹೊಂದಿಸಿ ಪ್ರಯೋಜನ ಇಲ್ಲ. ಚೈನ್, ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಾಯಿಸಿ.

ಇಲ್ಲೇ ಬಹಳ ಜನ ತಪ್ಪೋದು. ಜರ್ಕ್ ಇದೆ ಅಂತ ಚೈನನ್ನ ಬಿಗಿಯಾಗಿ ಎಳೆದುಬಿಡ್ತಾರೆ. ರಸ್ತೆ ಬೈಕ್‌ಗಿಂತ ಅಡ್ವೆಂಚರ್ ಬೈಕ್‌ಗೆ ಹಿಂದಿನ ಸಸ್ಪೆನ್ಷನ್ ಜಾಸ್ತಿ ಕುಸಿಯುತ್ತೆ. ಕುಸಿದಾಗ ಚೈನ್ ಇನ್ನೂ ಬಿಗಿ ಆಗುತ್ತೆ, ಅದಕ್ಕೇ ಕಂಪನಿಯೇ ಸ್ವಲ್ಪ ಜಾಸ್ತಿ ಸಡಿಲ ಬಿಟ್ಟಿರುತ್ತೆ. ಅದನ್ನ ತೆಗೆದು ಬಿಗಿ ಮಾಡಿ, ಹಿಂದೆ ಒಬ್ಬರನ್ನ ಕೂರಿಸಿಕೊಂಡು ಗುಂಡಿಗೆ ಇಳಿಸಿದ್ರೆ ಆ ಎಳೆತ ನೇರ ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗ್ ಮೇಲೆ ಬೀಳುತ್ತೆ. ಆ ರಿಪೇರಿಗೆ ಎಂಜಿನ್ ಬಿಚ್ಚಬೇಕು. ಚೈನ್ ಕಟ್ ಆಗಿ ಹಿಂದಿನ ಚಕ್ರಕ್ಕೆ ಸುತ್ತಿಕೊಳ್ಳೋ ಅಪಾಯ ಬೇರೆ.

ಚೈನ್ ತೊಳೆಯೋಕೆ ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್ ಬಳಸಿ. ಪೆಟ್ರೋಲ್ ಹಾಕಿದ್ರೆ ಒಳಗಿನ ಒ-ರಿಂಗ್ ರಬ್ಬರ್ ಹಾಳಾಗುತ್ತೆ. ಮಳೆಗಾಲದಲ್ಲಿ 500 ಕಿ.ಮೀ. ಕಾಯದೆ ಮೊದಲೇ ಲ್ಯೂಬ್ ಹಾಕಿ. ಮತ್ತೊಂದು ಮಾತು, ಎಂಜಿನ್ ಓಡಿಸಿ ಗೇರ್ ಹಾಕಿ ಚೈನಿಗೆ ಬಟ್ಟೆ ಹಿಡಿಯೋ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಬಟ್ಟೆ ಸಿಕ್ಕಿಕೊಂಡ್ರೆ ಬೆರಳು ವಾಪಸ್ ಬರಲ್ಲ.

ಯಾರೂ ನೋಡದ ರಬ್ಬರ್

ಹಿಂದಿನ ಚಕ್ರದ ಹಬ್ ಒಳಗೆ, ಸ್ಪ್ರಾಕೆಟ್ ಮತ್ತು ಚಕ್ರದ ನಡುವೆ ರಬ್ಬರ್ ತುಂಡುಗಳಿರ್ತವೆ. ಗ್ಯಾರೇಜಿನಲ್ಲಿ ಕಪ್ಲಿಂಗ್ ರಬ್ಬರ್ ಅಂತಾರೆ. ಎಂಜಿನ್ನಿನ ಗುದ್ದನ್ನ ನುಂಗೋದೇ ಇವುಗಳ ಕೆಲಸ. ಕೆಸರು ನೀರು, ಭಾರ, ವರ್ಷಗಳು ಸೇರಿ ಇವು ಗಟ್ಟಿಯಾಗ್ತವೆ ಅಥವಾ ಸವೆದು ಸಣ್ಣ ಆಗ್ತವೆ. ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಒಬ್ಬರು ಚಕ್ರ ಅಲುಗದ ಹಾಗೆ ಹಿಡೀಲಿ, ಇನ್ನೊಬ್ಬರು ಸ್ಪ್ರಾಕೆಟ್ ಹಿಡಿದು ಮುಂದೆ ಹಿಂದೆ ಆಡಿಸಲಿ. ತಡೆಯೇ ಇಲ್ಲದೆ ಕಟಕಟ ಅಂತ ಆಡಿದ್ರೆ ರಬ್ಬರ್ ಮುಗಿದಿದೆ. ಇಡೀ ಸೆಟ್‌ಗೆ ಒಂದು ಫ್ಯುಯೆಲ್ ಬಾಕ್ಸಿನ ಮುಂದೆ ಲೆಕ್ಕಕ್ಕೇ ಬರದಷ್ಟು ದುಡ್ಡು. ಚಕ್ರ ಬಿಚ್ಚೋದೇ ಕೆಲಸ, ಹಾಗಾಗಿ ಪಂಚರ್‌ಗೋ ಟೈರ್ ಬದಲಿಗೋ ಚಕ್ರ ಬಿಚ್ಚಿದಾಗ ಒಂದು ಸಲ ಕಣ್ಣು ಹಾಯಿಸಿ ಅಂತ ಮೆಕ್ಯಾನಿಕ್‌ಗೆ ಹೇಳಿದ್ರೆ ಮುಗೀತು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳೋರು, ಬೈಕ್ ಬಾಡಿಗೆಗೆ ಬಿಡೋರು ಇದನ್ನ ಬಿಡಲೇಬಾರದು. ಹೊಸ ಗಿರಾಕಿಗೆ ಗಾಡಿಯ ಸ್ವಭಾವ ಗೊತ್ತಿರಲ್ಲ, ಮೊದಲ ಜರ್ಕ್ ಸಿಗೋದು ಕೈಮರದ ಮೇಲಿನ ತಿರುವಲ್ಲೇ.

ಕೇಬಲ್ ಇರೋ ಗಾಡಿ, ಇಲ್ಲದ ಗಾಡಿ

ಹಿಮಾಲಯನ್ 411, ಎಕ್ಸ್‌ಪಲ್ಸ್ 200ರಲ್ಲಿ ರೇಸ್ ಹಿಡಿಯಿಂದ ಥ್ರಾಟಲ್ ಬಾಡಿಗೆ ಕೇಬಲ್ ಹೋಗುತ್ತೆ. ಈ ಕೇಬಲ್ ಸಡಿಲ ಇದ್ರೆ ಮಣಿಕಟ್ಟು ತಿರುಗಿಸಿದಷ್ಟು ಹೊತ್ತು ಏನೂ ಆಗಲ್ಲ, ಆಮೇಲೆ ಒಮ್ಮೆಗೇ ಬಾಯಿ ತೆರೆಯುತ್ತೆ. ಅಷ್ಟರಲ್ಲಿ ಕೈ ಬೇಕಾದ್ದಕ್ಕಿಂತ ಜಾಸ್ತಿ ತಿರುಗಿ ಆಗಿರುತ್ತೆ. ಸಾಮಾನ್ಯವಾಗಿ 2ರಿಂದ 5 ಮಿ.ಮೀ. ಒಳಗೆ ಸಡಿಲ ಇರಬೇಕು, ನಿಮ್ಮ ಗಾಡಿಯ ನಿಖರ ಅಳತೆ ಪುಸ್ತಕದಲ್ಲಿ. ಪೂರ್ತಿ ಬಿಗಿ ಮಾಡಬೇಡಿ. ಸರಿ ಮಾಡಿದ ಮೇಲೆ ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಿ ಹ್ಯಾಂಡಲನ್ನ ಎಡಕ್ಕೆ, ಬಲಕ್ಕೆ ಕೊನೆವರೆಗೆ ತಿರುಗಿಸಿ. ಆರ್‌ಪಿಎಂ ತಾನಾಗೇ ಏರಿದ್ರೆ ಕೇಬಲ್ ಎಳೀತಿದೆ ಅಂತರ್ಥ, ಹಾಗೇ ರಸ್ತೆಗೆ ಇಳಿಸೋದು ಅಪಾಯ. ಹ್ಯಾಂಡಲ್ ಎತ್ತರಿಸೋ ರೈಸರ್ ಹಾಕಿಸಿದ ಗಾಡಿಗಳಲ್ಲಿ ಇದನ್ನ ಖಂಡಿತ ನೋಡಬೇಕು.

ಹಿಮಾಲಯನ್ 450, ಕೆಟಿಎಂ 390 ಅಡ್ವೆಂಚರ್‌ನಲ್ಲಿ ಈ ಕೇಬಲ್ಲೇ ಇಲ್ಲ. ಹಿಡಿ ತಿರುಗಿಸಿದ್ದು ಸೆನ್ಸರ್‌ಗೆ, ಅಲ್ಲಿಂದ ಇಸಿಯುಗೆ, ಇಸಿಯು ಹೇಳಿದಷ್ಟು ಮೋಟರ್ ಬಾಯಿ ತೆರೆಯುತ್ತೆ. ಇಲ್ಲಿ ಸ್ಪ್ಯಾನರ್ ಹಿಡಿದು ಹುಡುಕೋ ಕೆಲಸ ಇಲ್ಲ. 450ರಲ್ಲಿ ಇಕೋ ಮೋಡ್ ಇದೆ, ಮಳೆಯಲ್ಲಿ ಘಾಟಿ ಇಳಿಯುವಾಗ ಅದನ್ನ ಹಾಕಿಕೊಂಡ್ರೆ ರೇಸ್ ಮೆತ್ತಗಾಗುತ್ತೆ. ಪಿಕಪ್ ಕಮ್ಮಿ ಅಂತ ಅದನ್ನ ಮುಟ್ಟದೇ ಇರೋರೇ ಜಾಸ್ತಿ.

ಗಾಳಿ ಎಲ್ಲಿಂದ ನುಗ್ಗುತ್ತೆ?

ಫೆಬ್ರವರಿ, ಮಾರ್ಚ್‌ನ ಕೆಂಪು ಧೂಳಲ್ಲಿ ತೋಟದ ರಸ್ತೆ ಓಡಾಡಿದ ಗಾಡಿಯ ಏರ್ ಫಿಲ್ಟರ್ ತೆಗೆದು ನೋಡಿದ್ರೆ ಇಟ್ಟಿಗೆ ಬಣ್ಣ. ಕಂಪನಿ ಹೇಳಿದ ಕಿ.ಮೀ. ಮಾಮೂಲಿ ಬಳಕೆಯ ಲೆಕ್ಕ, ಇಲ್ಲಿ ಅದಕ್ಕೂ ಮೊದಲೇ ಬದಲಾಯಿಸಬೇಕಾಗುತ್ತೆ. ಥ್ರಾಟಲ್ ಬಾಡಿ ಒಳಗೆ ಕಪ್ಪು ಕಟ್ಟಿದ್ರೆ ಅದಕ್ಕೇ ಇರೋ ಸ್ಪ್ರೇ ಹಾಕಿ ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು, ಕೆರೆಯಬಾರದು. ಬಣ್ಣ ಹಚ್ಚಿ ಸೀಲ್ ಮಾಡಿದ ಸ್ಕ್ರೂ ಮುಟ್ಟೋಕೆ ಹೋಗಬೇಡಿ. ಥ್ರಾಟಲ್ ಬಾಡಿ ಮತ್ತು ಎಂಜಿನ್ ನಡುವಿನ ರಬ್ಬರ್ ಪೈಪ್ ಬಿರುಕು ಬಿಟ್ಟಿದ್ರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗಿ ಮಿಶ್ರಣ ತೆಳುವಾಗುತ್ತೆ. ಐಡ್ಲಿಂಗ್‌ನಲ್ಲಿ ಎಂಜಿನ್ ಏರಿಳಿತ ಆಗ್ತಿದ್ರೆ ಈ ಅನುಮಾನ ಪಡಬಹುದು. ಸೋಪಿನ ನೀರು ಸಿಂಪಡಿಸಿದಾಗ ಎಂಜಿನ್ ಶಬ್ದ ಬದಲಾದ್ರೆ ಬಿರುಕು ಅಲ್ಲೇ.

ಇನ್ನು ಶಬ್ದ ಜಾಸ್ತಿ ಬರಲಿ ಅಂತ ಸೈಲೆನ್ಸರ್ ಬದಲಾಯಿಸಿ, ಫಿಲ್ಟರ್ ಬಾಕ್ಸ್ ತೂತು ಮಾಡಿಸಿದವರು. ಗಾಳಿ ಜಾಸ್ತಿ, ಪೆಟ್ರೋಲ್ ಅಷ್ಟೇ, ಜರ್ಕ್ ಇನ್ನೂ ಜೋರು. ಆಮೇಲೆ ರೀಮ್ಯಾಪ್‌ಗೆ ಮತ್ತೊಂದು ಖರ್ಚು, ಪೊಲೀಸರ ದಂಡ ಬೇರೆ. ಹಳೇ ಸೈಲೆನ್ಸರ್ ಅಟ್ಟದ ಮೇಲಿದ್ರೆ ವಾಪಸ್ ಹಾಕಿಸಿ ನೋಡೋದು ಅಗ್ಗದ ದಾರಿ. ಇಷ್ಟೆಲ್ಲಾ ಸರಿ ಇದ್ದೂ ಸಮಾಧಾನ ಇಲ್ಲ ಅಂದ್ರೆ ಆಗ ರೀಮ್ಯಾಪ್ ಯೋಚನೆ ಮಾಡಬಹುದು. ಅದರಿಂದ ಗುಣ ಇಲ್ಲ ಅಂತಲ್ಲ. ಆದರೆ ವಾರಂಟಿ ಇರೋ ಗಾಡಿಗೆ ಮಾಡಿಸಿದ್ರೆ ನಾಳೆ ಎಂಜಿನ್ ಸಮಸ್ಯೆ ಬಂದಾಗ ಶೋರೂಂನವರು ಕೈ ಎತ್ತಬಹುದು.

ಉಳಿದದ್ದು ಕೈಯಲ್ಲಿದೆ

ಗಾಡಿ ನೂರಕ್ಕೆ ನೂರು ಸರಿ ಇದ್ದರೂ ಪೆಟ್ರೋಲ್ ಕಟ್ ಇದ್ದೇ ಇರುತ್ತೆ. ಅದಕ್ಕೆ ಉಪಾಯ, ತಿರುವಿನ ಒಳಗೆ ರೇಸನ್ನ ಪೂರ್ತಿ ಮುಚ್ಚದೇ ಇರೋದು. ಬ್ರೇಕ್ ಹಾಕೋದು, ಗೇರ್ ಇಳಿಸೋದು ಎಲ್ಲಾ ತಿರುವಿಗೆ ಮೊದಲೇ ಮುಗಿಸಿ, ಒಳಗೆ ಹೋಗುವಾಗ ಕೂದಲೆಳೆಯಷ್ಟು ರೇಸ್ ಹಿಡಿದೇ ಇರಿ. ವೇಗ ಜಾಸ್ತಿ ಅನ್ನಿಸಿದ್ರೆ ರೇಸ್ ಬಿಡೋ ಬದಲು ಹಿಂದಿನ ಬ್ರೇಕ್ ಮೇಲೆ ಹಗುರಕ್ಕೆ ಕಾಲಿಡಿ. ಚೈನಿನ ಮೇಲ್ಭಾಗ ಬಿಗಿಯಾಗೇ ಉಳಿಯೋದರಿಂದ ಗುದ್ದು ಬರಲ್ಲ. ಹೇರ್‌ಪಿನ್ ತಿರುವಲ್ಲಿ ಒಂದನೇ ಗೇರ್ ಕುಕ್ಕುತ್ತೆ, ಎರಡನೆಯದರಲ್ಲಿ ಎಂಜಿನ್ ಒದ್ದಾಡುತ್ತೆ ಅನ್ನೋ ಜಾಗದಲ್ಲಿ ಎರಡನೇ ಗೇರ್ ಹಾಕಿ ಕ್ಲಚ್ಚನ್ನ ತುಸು ಒತ್ತಿ ಹಿಡಿಯಿರಿ. ಈ ಬೈಕ್‌ಗಳ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತೆ, ಒಂದೆರಡು ಸೆಕೆಂಡ್ ಜಾರಿಸಿದ್ರೆ ಏನೂ ಆಗಲ್ಲ. ಜೀಪಿನ ಒಣ ಕ್ಲಚ್ ತರ ಸುಟ್ಟ ವಾಸನೆ ಬರಲ್ಲ. ಘಾಟಿ ಪೂರ್ತಿ ಹಾಗೇ ಹಿಡಿದು ಹೋದ್ರೆ ಮಾತ್ರ ಬೇರೆ ಮಾತು.

ಕಲ್ಲು ರಸ್ತೆಯಲ್ಲಿ ಆಗೋದು ಇನ್ನೊಂದು. ಗುಂಡಿಗೆ ಗಾಡಿ ಎದ್ದು ಬೀಳುತ್ತೆ, ಮೈ ಹಿಂದಕ್ಕೆ ಹೋಗುತ್ತೆ, ಕೈ ತನಗೆ ಗೊತ್ತಿಲ್ಲದೇ ರೇಸ್ ತಿರುಗಿಸುತ್ತೆ, ಗಾಡಿ ಮತ್ತೆ ನುಗ್ಗುತ್ತೆ. ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿದು, ಮೊಣಕೈ ಮಡಚಿ, ಬಲಗೈ ಹೆಬ್ಬೆರಳನ್ನ ಸ್ವಿಚ್ ಡಬ್ಬಿಗೆ ತಾಗಿಸಿಟ್ಟರೆ ಕೈಗೆ ಒಂದು ಆಸರೆ ಸಿಗುತ್ತೆ, ಮೈ ಅಲುಗಿದ್ದು ಹಿಡಿಗೆ ಹೋಗಲ್ಲ. ಖಾಲಿ ಮೈದಾನದಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿದ್ರೆ ಸಾಕು.

ಸರ್ವಿಸ್‌ಗೆ ಕೊಡುವಾಗ ಜಾಬ್ ಕಾರ್ಡ್‌ನಲ್ಲಿ ಬರೀ ‘ಜರ್ಕ್ ಇದೆ’ ಅಂತ ಬರೆಸಬೇಡಿ, ‘ಚೆಕ್ ಮಾಡಿದೆ, ಓಕೆ’ ಅಂತ ವಾಪಸ್ ಬರುತ್ತೆ. ಯಾವ ಗೇರ್, ಎಷ್ಟು ಆರ್‌ಪಿಎಂ, ಎಂಜಿನ್ ತಣ್ಣಗಿದ್ದಾಗಲಾ ಬಿಸಿಯಾದ ಮೇಲಾ, ರೇಸ್ ಬಿಟ್ಟು ಕೊಟ್ಟಾಗ ಮಾತ್ರವಾ ಇಲ್ಲಾ ಒಂದೇ ಸಮ ಹೋಗುವಾಗಲೂನಾ ಅಂತ ಬರೆಸಿ. ಬಿಟ್ಟು ಕೊಟ್ಟಾಗ ಮಾತ್ರ ಅಂದ್ರೆ ಚೈನ್, ರಬ್ಬರ್, ಕೇಬಲ್ ಕಡೆ ನೋಡ್ತಾರೆ. ಒಂದೇ ಸಮ ಹೋಗುವಾಗಲೂ ಅಂದ್ರೆ ಪ್ಲಗ್, ಪೆಟ್ರೋಲ್ ಪಂಪ್, ಸೆನ್ಸರ್ ಕಡೆ. ಸಾಧ್ಯ ಆದ್ರೆ ಮೆಕ್ಯಾನಿಕನ್ನೇ ಒಂದು ರೌಂಡ್ ಓಡಿಸೋಕೆ ಹೇಳಿ, ನೀವು ಹಿಂದೆ ಕೂತ್ಕೊಳ್ಳಿ.