ಮೂಲೆ ಉಕ್ಕಿನದು, ಗುಂಡಿ ಕಂಪನಿಯದು

ಟೆಸ್ಲಾ ಕಂಪನಿಯ ವಿದ್ಯುತ್ ಪಿಕಪ್ ಸೈಬರ್‌ಟ್ರಕ್ಕನ್ನು ಮೊದಲ ಸಲ ಕಂಡವರು ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಎಲ್ಲೂ ದುಂಡು ಅನ್ನುವುದೇ ಇಲ್ಲವಲ್ಲ, ಯಾಕೆ? 2019ರ ನವೆಂಬರಿನಲ್ಲಿ ಲಾಸ್ ಏಂಜಲಿಸ್ ಬಳಿ ಇದರ ಮಾದರಿಯನ್ನು ತೋರಿಸಿದಾಗ ತಮಾಷೆ ಇರಬೇಕು ಅಂದುಕೊಂಡವರು ಬಹಳ. ನಾಲ್ಕು ವರ್ಷದ ಮೇಲೆ, 2023ರ ನವೆಂಬರ್ 30ರಂದು, ಟೆಕ್ಸಸ್‌ನ ಆಸ್ಟಿನ್ ಕಾರ್ಖಾನೆಯಲ್ಲಿ ಮೊದಲ ಗಾಡಿಗಳು ಗಿರಾಕಿಗಳ ಕೈಸೇರಿದವು. ಮೂಲೆಗಳು ಮೂಲೆಗಳಾಗಿಯೇ ಇದ್ದವು. ಮೈಗೆ ಬಣ್ಣವಿಲ್ಲ, ಬಾಗಿಲಿಗೆ ಹೊರಗೆ ಹಿಡಿಯಿಲ್ಲ, ಗೇರಿಗೆ ಲಿವರ್ ಇಲ್ಲ, ಇಂಡಿಕೇಟರಿಗೆ ಕಡ್ಡಿಯಿಲ್ಲ, ಮುಂಗಾಜಿಗೆ ಎರಡನೇ ವೈಪರ್ ಇಲ್ಲ.

ಈ ‘ಇಲ್ಲ’ಗಳನ್ನೆಲ್ಲ ಒಂದೇ ಗಂಟು ಕಟ್ಟಿ, ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್‌ನ ಹುಚ್ಚು ಎಂದು ಬದಿಗಿಡುವುದು ಸುಲಭ. ಗಂಟು ಬಿಚ್ಚಿ ನೋಡಿದರೆ ಎರಡು ರಾಶಿ ಬೀಳುತ್ತದೆ. ಕೆಲವನ್ನು ಲೋಹ ಮತ್ತು ವಿದ್ಯುತ್ತು ಹಟ ಹಿಡಿದು ಮಾಡಿಸಿಕೊಂಡಿವೆ. ಇನ್ನು ಕೆಲವನ್ನು ಯಾರೂ ಕೇಳಿರಲಿಲ್ಲ.

ಮೊದಲು ಉಕ್ಕು. ಮಾಮೂಲು ಕಾರಿನ ಮೈತಗಡು ಒಂದು ಮಿಲಿಮೀಟರಿಗಿಂತ ತೆಳು, ಸ್ವಭಾವ ಮೆತ್ತಗೆ. ದೊಡ್ಡ ಅಚ್ಚುಗಳ ನಡುವೆ ಇಟ್ಟು ಪ್ರೆಸ್ಸಿನಲ್ಲಿ ಒತ್ತಿದರೆ ಬೇಕಾದ ಉಬ್ಬು, ಬೇಕಾದ ತಿರುವು ಬರುತ್ತದೆ. ಆಮೇಲೆ ತುಕ್ಕು ಹಿಡಿಯದಂತೆ ಬಣ್ಣ. ಕಾರ್ಖಾನೆಯಲ್ಲಿ ಜಾಗ, ಹಣ, ಶಾಖ ಮೂರನ್ನೂ ಧಾರಾಳವಾಗಿ ನುಂಗುವುದು ಈ ಬಣ್ಣದ ವಿಭಾಗ. ಸ್ಟೇನ್‌ಲೆಸ್ ಸ್ಟೀಲ್ ಬಳಸಿದರೆ ಆ ವಿಭಾಗವೇ ಬೇಡ. ಅದರೊಳಗಿನ ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟುತ್ತದೆ. ಗೀರು ಬಿದ್ದರೂ ಪದರ ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ. 1981ರಲ್ಲಿ ಬಂದ ಡಿಲೋರಿಯನ್ ಕಾರಿನ ಮೈಯೂ ಸ್ಟೇನ್‌ಲೆಸ್ಸೇ ಆಗಿತ್ತು.

ಅಡುಗೆಮನೆಯ ಸ್ಟೀಲ್ ಲೋಟವೂ ಸ್ಟೇನ್‌ಲೆಸ್ಸೇ ಅಲ್ಲವೇ, ಅದು ಹೇಗೆ ದುಂಡಗಾಯಿತು? ಲೋಟಕ್ಕೆ ಬಳಸುವ ತಗಡನ್ನು ಕಾಯಿಸಿ ಹದಗೊಳಿಸಿರುತ್ತಾರೆ. ಒತ್ತಿದ ಕಡೆ ಅದು ಇಳಿಯುತ್ತದೆ. ಸೈಬರ್‌ಟ್ರಕ್ಕಿಗೆ ಬೇಕಾದದ್ದು ಪೆಟ್ಟು ತಡೆಯುವ ತಗಡು. ಹಾಗಾಗಿ ಅದನ್ನು ತಣ್ಣಗಿರುವಾಗಲೇ ಉರುಳೆಗಳ ನಡುವೆ ಹಾಯಿಸಿ ಗಟ್ಟಿ ಮಾಡುತ್ತಾರೆ. ಲೋಹದ ಹರಳುಗಳೊಳಗಿನ ಪದರಗಳು ಆಮೇಲೆ ಜಪ್ಪಯ್ಯ ಅಂದರೂ ಒಂದರ ಮೇಲೊಂದು ಸುಲಭಕ್ಕೆ ಜಾರುವುದಿಲ್ಲ. ಇಂಥ ತಗಡನ್ನು ಅಚ್ಚಿನಲ್ಲಿ ಒತ್ತಿದರೆ ಸೀಳುತ್ತದೆ, ಇಲ್ಲವೇ ಅಚ್ಚನ್ನೇ ಸವೆಸುತ್ತದೆ. ಮಡಚಿದರೂ ಕೈಬಿಟ್ಟ ಕೂಡಲೇ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಎಷ್ಟು ಚಿಮ್ಮೀತು ಎಂದು ಲೆಕ್ಕ ಹಾಕಿ ಅಷ್ಟು ಹೆಚ್ಚೇ ಮಡಚಬೇಕು. ಇದರಲ್ಲಿ ಸಲೀಸಾಗಿ ಆಗುವ ಕೆಲಸ ಒಂದೇ: ನೇರ ಗೆರೆಯಲ್ಲಿ ಮಡಿಕೆ. ಹೀಗೆ ಆ ಮೂಲೆಗಳು ಬಂದವು.

ನೇರ ಗೆರೆಗೆ ತನ್ನದೇ ಕಾಟವಿದೆ. ಉಬ್ಬುತಗ್ಗಿನ ಕಾರಿನಲ್ಲಿ ಎರಡು ತಗಡುಗಳ ನಡುವಿನ ಸಂದು ಚೂರು ಓರೆಯಾದರೆ ಕಣ್ಣು ತಪ್ಪಿಸಿಕೊಳ್ಳುತ್ತದೆ. ಚಪ್ಪಟೆ ಮೈಯಲ್ಲಿ ಎದ್ದು ಕಾಣುತ್ತದೆ. 2023ರ ಆಗಸ್ಟಿನಲ್ಲಿ ಮಸ್ಕ್ ತನ್ನ ನೌಕರರಿಗೆ ಕಳಿಸಿದ ಈಮೇಲು ಸುದ್ದಿಯಾಯಿತು: ಭಾಗಗಳ ಅಳತೆ 10 ಮೈಕ್ರಾನಿಗಿಂತ ಹೆಚ್ಚು ತಪ್ಪಬಾರದು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಕೇಳಲು ಚೆಂದ. ಆದರೆ ಇಂಥ ಉಕ್ಕು ಒಂದು ಡಿಗ್ರಿ ಬಿಸಿಯೇರಿದರೆ ಮೀಟರಿಗೆ ಸುಮಾರು 17 ಮೈಕ್ರಾನ್ ಹಿಗ್ಗುತ್ತದೆ. ಬೆಳಗ್ಗೆ ಅಳೆದ ಒಂದು ಮೀಟರ್ ತಗಡು ಮಧ್ಯಾಹ್ನ ಹತ್ತು ಡಿಗ್ರಿ ಬಿಸಿಯಾದರೆ 170 ಮೈಕ್ರಾನ್ ಉದ್ದವಾಗಿರುತ್ತದೆ. ಮುಖ್ಯಸ್ಥನ ಆಜ್ಞೆಯನ್ನು ಬಿಸಿಲು ದಿನವೂ ಮೀರುತ್ತದೆ.

ಮುಂಗಾಜಿನದೂ ಇದೇ ಕಥೆ. ಮೂಗಿನ ತುದಿಯಿಂದ ನೆತ್ತಿಯವರೆಗೆ ಒಂದೇ ಇಳಿಜಾರು ಬೇಕೆಂದಾಗ ಗಾಜು ವಿಪರೀತ ದೊಡ್ಡದಾಯಿತು, ಅದನ್ನು ಒರೆಸಲು ಸುಮಾರು ನಾಲ್ಕಡಿ ಉದ್ದದ ಒಂಟಿ ವೈಪರ್ ಬಂತು. ಕೈ ಉದ್ದವಾದಷ್ಟೂ ಬುಡದ ಮೋಟಾರಿಗೆ ಹೊರೆ. 2024ರ ಜೂನಿನಲ್ಲಿ, ವೈಪರ್ ಮೋಟಾರಿನ ನಿಯಂತ್ರಕಕ್ಕೆ ಹೆಚ್ಚು ವಿದ್ಯುತ್ ಹರಿದು ಅದು ಕೆಡಬಹುದೆಂದು 11 ಸಾವಿರಕ್ಕೂ ಹೆಚ್ಚು ಗಾಡಿಗಳನ್ನು ಕಂಪನಿ ರಿಪೇರಿಗೆ ವಾಪಸ್ ಕರೆಯಿತು.

ಇನ್ನು ಕಣ್ಣಿಗೆ ಬೀಳದ, ಆದರೆ ಈ ಗಾಡಿಯ ಅಸಲಿ ಹೊಸತನ ಅನ್ನಬಹುದಾದ ವಿಷಯ: ವೈರಿಂಗ್. ವಿದ್ಯುತ್ ಗಾಡಿಯ ದೊಡ್ಡ ಬ್ಯಾಟರಿ ಚಕ್ರ ತಿರುಗಿಸುತ್ತದೆ. ದೀಪ, ಕಿಟಕಿ, ಫ್ಯಾನು, ಸೀಟು ಇವಕ್ಕೆಲ್ಲ ಬೇರೆ ಸಣ್ಣ ವ್ಯವಸ್ಥೆ ಇರುತ್ತದೆ. 1950ರ ದಶಕದಿಂದ ಈಚೆಗೆ ಕಾರು ಲೋಕ ಅದರಲ್ಲಿ 12 ವೋಲ್ಟಿಗೆ ಅಂಟಿಕೊಂಡಿದೆ. ಸೈಬರ್‌ಟ್ರಕ್ 48 ವೋಲ್ಟಿಗೆ ಜಿಗಿಯಿತು. ಲಾಭ ಏನು? 1,200 ವ್ಯಾಟ್ ಬೇಡುವ ಯಂತ್ರಕ್ಕೆ 12 ವೋಲ್ಟಿನಲ್ಲಿ 100 ಆಂಪಿಯರ್ ಹರಿಸಬೇಕು, 48ರಲ್ಲಿ 25 ಸಾಕು. ತಂತಿಯಲ್ಲಿ ಪೋಲಾಗುವ ಶಾಖ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹರಿವು ನಾಲ್ಕನೇ ಒಂದಾದರೆ ಅದೇ ತಂತಿಯಲ್ಲಿ ಪೋಲು ಹದಿನಾರನೇ ಒಂದು. ಅಂದರೆ ತಂತಿಯನ್ನು ತೆಳ್ಳಗೆ ಮಾಡಬಹುದು, ತಾಮ್ರ ಉಳಿಯುತ್ತದೆ, ತೂಕ ಇಳಿಯುತ್ತದೆ. ಇನ್ನೂ ಮೇಲೇಕೆ ಹೋಗಲಿಲ್ಲ? 60 ವೋಲ್ಟ್ ದಾಟಿದರೆ ಮುಟ್ಟಿದವರಿಗೆ ಅಪಾಯ, ರಕ್ಷಣೆಯ ನಿಯಮಗಳು ಬಿಗಿಯಾಗುತ್ತವೆ.

ಈ 48 ವೋಲ್ಟಿನ ಬಲದ ಮೇಲೆಯೇ ಗಾಡಿಯ ಸ್ಟಿಯರಿಂಗ್ ನಿಂತಿದೆ. ಸಾಮಾನ್ಯ ಕಾರಿನಲ್ಲಿ ನಮ್ಮ ಕೈಯಿಂದ ಚಕ್ರದವರೆಗೆ ಉಕ್ಕಿನ ದಂಡವೊಂದು ಹೋಗುತ್ತದೆ. ಇಲ್ಲಿ ಆ ದಂಡವೇ ಇಲ್ಲ. ಸ್ಟಿಯರಿಂಗ್ ಎಷ್ಟು ತಿರುಗಿತೆಂದು ಸಂವೇದಕಗಳು ಓದುತ್ತವೆ, ಗಣಕ ಲೆಕ್ಕ ಹಾಕುತ್ತದೆ, ಮುಂಚಕ್ರಗಳ ಬಳಿಯ ಎರಡು ಮೋಟಾರುಗಳು ತಿರುಗಿಸುತ್ತವೆ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು ಎರಡು. ಕೈಗೆ ರಸ್ತೆಯ ಬಿಗಿ ತಿಳಿಯಲೆಂದು ಸ್ಟಿಯರಿಂಗಿನ ಹಿಂದೆ ಮತ್ತೊಂದು ಮೋಟಾರು ಎದುರು ಒತ್ತಡ ಕೊಡುತ್ತದೆ. 2013ರಲ್ಲಿ ಬಂದ ಇನ್ಫಿನಿಟಿ ಕ್ಯೂ50 ಕಾರಿನಲ್ಲೂ ಇಂಥ ಏರ್ಪಾಡಿತ್ತು, ಆದರೆ ವಿದ್ಯುತ್ ಕೈಕೊಟ್ಟರೆ ಇರಲಿ ಎಂದು ದಂಡವನ್ನು ಉಳಿಸಿಕೊಂಡಿದ್ದರು. ವಿಮಾನಗಳಿಗೆ ಈ ವಿದ್ಯೆ ಹಳೆಯದು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ತೇಜಸ್ ಯುದ್ಧವಿಮಾನದಲ್ಲಿ ಪೈಲಟ್ಟಿನ ಕೈಚಲನೆ ರೆಕ್ಕೆಗೆ ತಲುಪುವುದು ತಂತಿಯ ಮೂಲಕ, ಅದೂ ನಾಲ್ಕು ಸಮಾನಾಂತರ ಮಾರ್ಗಗಳಲ್ಲಿ.

ದಂಡ ಹೋದದ್ದರಿಂದ ಆದ ಉಪಕಾರ ದೊಡ್ಡದು. ಬೇರೆ ಗಾಡಿಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ಟಿಯರಿಂಗ್ ಎರಡೂವರೆ ಮೂರು ಸುತ್ತು ಹೊಡೆಯಬೇಕು. ಇಲ್ಲಿ ಒಂದು ಸುತ್ತೂ ಪೂರ್ತಿಯಾಗುವುದಿಲ್ಲ. ಪಾರ್ಕಿಂಗಿನಲ್ಲಿ ಸ್ವಲ್ಪ ತಿರುಗಿಸಿದರೆ ಚಕ್ರ ಬಹಳ ತಿರುಗುತ್ತದೆ, ಹೆದ್ದಾರಿಯಲ್ಲಿ ಅಷ್ಟೇ ತಿರುಗಿಸಿದರೆ ಸ್ವಲ್ಪ ತಿರುಗುತ್ತದೆ. ಜೊತೆಗೆ ಹಿಂಚಕ್ರಗಳೂ ನಿಧಾನ ವೇಗದಲ್ಲಿ ಎದುರು ದಿಕ್ಕಿಗೆ ಹೊರಳುತ್ತವೆ. ಸುಮಾರು 5.7 ಮೀಟರ್ ಉದ್ದದ, ಮೂರು ಟನ್ನಿನ ಆಸುಪಾಸು ತೂಗುವ ಗಾಡಿ ಇದರಿಂದಾಗಿ ಇಕ್ಕಟ್ಟಿನಲ್ಲೂ ಹೊರಳುತ್ತದೆ. ಇಲ್ಲಿಯವರೆಗಿನದು ಮೊದಲ ರಾಶಿ: ಪ್ರತಿ ವಿಚಿತ್ರದ ಹಿಂದೆ ಒಂದು ಲೆಕ್ಕವಿದೆ.

ಎರಡನೇ ರಾಶಿಗೆ ಬರೋಣ. ಇಂಡಿಕೇಟರಿನ ಕಡ್ಡಿ ತೆಗೆದು ಸ್ಟಿಯರಿಂಗಿನ ಮೇಲೆಯೇ ಗುಂಡಿ ಇಟ್ಟಿದ್ದಾರೆ. ಕಡ್ಡಿ ಕದಲದೆ ನಿಂತಲ್ಲೇ ಇರುತ್ತದೆ, ಬೆರಳಿಗೆ ಅದರ ಜಾಗ ಗೊತ್ತು. ಗುಂಡಿಯಾದರೋ ಸ್ಟಿಯರಿಂಗಿನ ಜೊತೆ ಸುತ್ತುತ್ತದೆ. ವೃತ್ತದಿಂದ ಹೊರಬೀಳುವ ಹೊತ್ತಿಗೆ, ಸ್ಟಿಯರಿಂಗ್ ಅರ್ಧ ಹೊರಳಿರುವಾಗ, ಎಡಗೈ ಹೆಬ್ಬೆರಳಿಗೆ ಅದನ್ನು ಹುಡುಕುವ ಕೆಲಸ. ಸೈಬರ್‌ಟ್ರಕ್ಕಿನಲ್ಲಿ ಸ್ಟಿಯರಿಂಗ್ ಕಡಿಮೆ ತಿರುಗುವುದರಿಂದ ಕಾಟ ಸ್ವಲ್ಪ ತಗ್ಗಿದೆ. ದಂಡವಿರುವ ಟೆಸ್ಲಾ ಕಾರುಗಳಲ್ಲಿ ಇದೇ ಗುಂಡಿ ಇನ್ನೂ ತೊಡಕು. 2025ರ ಹೊಸ ಮಾಡೆಲ್ ವೈಯಲ್ಲಿ ಕಂಪನಿ ಇಂಡಿಕೇಟರಿನ ಕಡ್ಡಿಯನ್ನು ಉಳಿಸಿಕೊಂಡಿದೆ.

ಗೇರು ಹಾಕಲು ಪರದೆಯ ಅಂಚಿನಲ್ಲಿ ಬೆರಳು ಎಳೆಯಬೇಕು: ಮೇಲಕ್ಕೆ ಎಳೆದರೆ ಮುಂದೆ, ಕೆಳಕ್ಕೆ ಎಳೆದರೆ ಹಿಂದೆ. ಪರದೆ ಸತ್ತರೆ? ಬದಲಿ ಗುಂಡಿಗಳು ನೆತ್ತಿಯ ಮೇಲೆ, ಮಾಡಿಗೆ ಅಂಟಿಕೊಂಡಿವೆ. ಬಾಗಿಲು ತೆರೆಯುವುದು ವಿದ್ಯುತ್ ಗುಂಡಿಯಿಂದ. ವಿದ್ಯುತ್ ಹೋದರೆ ಮುಂದೆ ಕೂತವರಿಗೆ ಕೈಗೆಟುಕುವ ಹಿಡಿಯಿದೆ. ಹಿಂದೆ ಕೂತವರು ಬಾಗಿಲ ಕೆಳಗಿನ ಪಾಕೆಟ್ಟಿಗೆ ಕೈಹಾಕಿ, ತಳದ ರಬ್ಬರ್ ಹಾಸು ಕಿತ್ತು, ಅದರಡಿಯ ಕೇಬಲ್ ಎಳೆಯಬೇಕು. ಕೈಪಿಡಿ ಓದದವರಿಗೆ, ಹೊಗೆ ತುಂಬಿದ ಕತ್ತಲಲ್ಲಿ, ಇದು ಹೊಳೆಯುವ ಮಾತೇ?

ಆಕ್ಸಿಲರೇಟರ್ ಪೆಡಲ್ಲಿನ ಮೇಲಿನ ಹೊದಿಕೆಯೂ ಇದೇ ರಾಶಿಗೆ ಸೇರಬೇಕು. ಜೋಡಿಸುವಾಗ ಸಲೀಸಾಗಿ ಕೂರಲೆಂದು ಕಾರ್ಖಾನೆಯಲ್ಲಿ ಸಾಬೂನು ಬಳಸಿದ್ದರು. ಸಾಬೂನಿನ ಜಿಡ್ಡಿನಿಂದ ಹೊದಿಕೆ ಜಾರಿ, ಮೇಲಿನ ಅಂಚಿಗೆ ಸಿಕ್ಕಿಕೊಂಡು, ಪೆಡಲ್ಲು ಒತ್ತಿದಂತೆಯೇ ನಿಲ್ಲುವ ಸಾಧ್ಯತೆ ಇತ್ತು. 2024ರ ಏಪ್ರಿಲಿನಲ್ಲಿ ಅಲ್ಲಿಯವರೆಗೆ ತಯಾರಾಗಿದ್ದ 3,878 ಗಾಡಿಗಳನ್ನೂ ವಾಪಸ್ ಕರೆದು ಸರಿಮಾಡಬೇಕಾಯಿತು.

ಬಣ್ಣ ಬೇಡವೆಂದವರು ಇವರೊಬ್ಬರೇ ಅಲ್ಲ. 2025ರ ಏಪ್ರಿಲಿನಲ್ಲಿ ಅಮೆರಿಕದ ಸ್ಲೇಟ್ ಕಂಪನಿ ತೋರಿಸಿದ ಪುಟ್ಟ ವಿದ್ಯುತ್ ಪಿಕಪ್ಪಿಗೂ ಬಣ್ಣವಿಲ್ಲ. ಮೈ ಬೂದು ಪ್ಲಾಸ್ಟಿಕ್ಕಿನದು. ಒಳಗೆ ದೊಡ್ಡ ಪರದೆಯಿಲ್ಲ, ಕಿಟಕಿಯನ್ನು ಕೈಯಿಂದ ತಿರುಗಿಸಿ ಇಳಿಸಬೇಕು. ಖರ್ಚು ಉಳಿಸುವ ಗುರಿ ಒಂದೇ ಇದ್ದರೂ ಬೆರಳಿಗೆ ಸಿಗುವ ಹಿಡಿಗಳನ್ನು ಬಿಡಲೇಬೇಕೆಂದಿಲ್ಲ ಎನ್ನುವುದಕ್ಕೆ ಇದು ಸಾಕ್ಷಿ. ಅತ್ತ ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆ, 2026ರಿಂದ ಪೂರ್ತಿ ಅಂಕ ಬೇಕಿದ್ದರೆ ಇಂಡಿಕೇಟರು, ಅಪಾಯದ ದೀಪ, ಹಾರನ್ನು, ವೈಪರ್, ತುರ್ತು ಕರೆ ಇವಿಷ್ಟಕ್ಕೂ ಮುಟ್ಟಿ ಒತ್ತುವ ಸಾಧನ ಇರಲೇಬೇಕು ಎಂದಿದೆ.

ಹೊಸ ಗಾಡಿ ಕಂಡಾಗ ಮಾಡಬೇಕಾದ ಪರೀಕ್ಷೆ ಇಷ್ಟೇ: ಒಂದೊಂದು ವಿಚಿತ್ರವನ್ನೂ ಬೇರೆ ಬೇರೆ ನಿಲ್ಲಿಸಿ, ನಿನ್ನನ್ನು ಯಾರು ಕೇಳಿದರು ಎಂದು ವಿಚಾರಿಸುವುದು. ಉಕ್ಕು ಕೇಳಿತು, ವಿದ್ಯುತ್ತು ಕೇಳಿತು ಎಂದರೆ ಒಪ್ಪಬಹುದು; ಮೂಲೆಗಳನ್ನು ನೋಡಿ ನೋಡಿ ಕಣ್ಣು ಒಗ್ಗಿಕೊಳ್ಳುತ್ತದೆ. ರಬ್ಬರ್ ಹಾಸಿನಡಿ ಅಡಗಿಸಿದ ಬಾಗಿಲ ಕೇಬಲ್ಲನ್ನು ಯಾರು ಕೇಳಿದರು ಎಂಬುದಕ್ಕೆ ಯಾವ ಲೋಹಶಾಸ್ತ್ರದಲ್ಲೂ ಉತ್ತರವಿಲ್ಲ. ಅದನ್ನು ಕಂಪನಿಯೇ ಹೇಳಬೇಕು.