ಹನ್ನೆರಡು ಪದಗಳ ಲೆಕ್ಕ

ಕ್ರಿಪ್ಟೊ ವಾಲೆಟ್ ತೆರೆದ ದಿನ ಪರದೆಯ ಮೇಲೆ ಸಾಮಾನ್ಯವಾಗಿ ಹನ್ನೆರಡು ಇಂಗ್ಲಿಷ್ ಪದಗಳು ಮೂಡುತ್ತವೆ. ಇದೇ ಸೀಡ್ ಫ್ರೇಸ್, ವಾಲೆಟ್‌ನ ಕೀಲಿಕೈ. ಪದಗಳನ್ನು ಆರಿಸುವುದು 2,048 ಪದಗಳ ಒಂದು ಪಟ್ಟಿಯಿಂದ. ‘ಅಬ್ಯಾಂಡನ್’ನಿಂದ ಶುರುವಾಗಿ ‘ಝೂ’ನಲ್ಲಿ ಮುಗಿಯುವ ಆ ಪಟ್ಟಿಯಲ್ಲಿ ಗುಟ್ಟೇನೂ ಇಲ್ಲ, ಯಾರು ಬೇಕಾದರೂ ಓದಬಹುದು. ಆದರೆ ನಿಮಗೆ ಸಿಕ್ಕ ಹನ್ನೆರಡು ಯಾವುವು, ಯಾವ ಅನುಕ್ರಮದಲ್ಲಿವೆ ಎಂದು ಊಹಿಸಲು ಹೊರಟವನು 34ರ ಮುಂದೆ 37 ಸೊನ್ನೆ ಬರೆದಷ್ಟು ಸಾಧ್ಯತೆಗಳನ್ನು ಎದುರಿಸಬೇಕು.

ಸೆಕೆಂಡಿಗೆ ಒಂದು ಲಕ್ಷ ಕೋಟಿ ಊಹೆ ಮಾಡಬಲ್ಲ ಯಂತ್ರವೊಂದಿದೆ ಎಂದಿಟ್ಟುಕೊಳ್ಳಿ. ಅಂಥ ನೂರು ಕೋಟಿ ಯಂತ್ರಗಳನ್ನು ಹಗಲಿರುಳು ಓಡಿಸಿದರೂ ಎಲ್ಲವನ್ನೂ ಪರೀಕ್ಷಿಸಿ ಮುಗಿಸಲು ಸುಮಾರು 1,080 ಕೋಟಿ ವರ್ಷ ಬೇಕು. ಭೂಮಿ ಹುಟ್ಟಿ ಆಗಿರುವುದೇ ಸುಮಾರು 450 ಕೋಟಿ ವರ್ಷ! ಇಂಥ ರಕ್ಷಣೆ ಕಾಸು ಖರ್ಚಿಲ್ಲದೆ ಸಾಮಾನ್ಯ ಮನುಷ್ಯನ ಕೈಗೆ ಸಿಕ್ಕಿದೆ.

ಅದೇ ಲೆಕ್ಕ ಕುಸಿಯುವ ವೇಗವೂ ಅಷ್ಟೇ ದಿಗಿಲು ಹುಟ್ಟಿಸುತ್ತದೆ. 2020ರಲ್ಲಿ ಒಂದು ಬಿಟ್‌ಕಾಯಿನ್ ಬಹುಮಾನದ ಸ್ಪರ್ಧೆ ನಡೆಯಿತು. ಬಹುಮಾನದ ವಾಲೆಟ್‌ನ ಹನ್ನೆರಡರಲ್ಲಿ ಎಂಟು ಪದಗಳು ಸುಳಿವಿನ ರೂಪದಲ್ಲಿ ಹೊರಬಂದಿದ್ದವು. ಉಳಿದ ನಾಲ್ಕಕ್ಕೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. ಬಾಡಿಗೆಗೆ ಪಡೆದ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಒಬ್ಬ ಎಂಜಿನಿಯರ್ ಅವನ್ನು ಜಾಲಾಡಿ, ಸುಮಾರು 30 ಗಂಟೆಯಲ್ಲಿ ಬಹುಮಾನ ಗೆದ್ದರು. ಹನ್ನೊಂದು ಪದ ಗೊತ್ತಿದ್ದರಂತೂ ಉಳಿಯುವುದು ಹೆಚ್ಚೆಂದರೆ 2,048 ಪ್ರಯತ್ನ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

ಪೂರ್ತಿ ಊಹಿಸುವುದು ಅಸಾಧ್ಯ, ಪದಗಳು ತಿಳಿದರೆ ಸುಲಭ. ಆದ್ದರಿಂದಲೇ ಕಳ್ಳರು ಊಹಿಸುತ್ತ ಕೂರುವುದಿಲ್ಲ, ನಮ್ಮನ್ನೇ ಕೇಳುತ್ತಾರೆ, ಇಲ್ಲವೇ ನಂಬಿಸಿ ಮೋಸ ಮಾಡುತ್ತಾರೆ. 2024ರ ಆಗಸ್ಟ್‌ನಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಒಬ್ಬರಿಗೆ ಗೂಗಲ್‌ನವರು, ಕ್ರಿಪ್ಟೊ ವಿನಿಮಯ ಸಂಸ್ಥೆಯವರು ಎಂದು ಹೇಳಿಕೊಂಡ ಕರೆಗಳು ಬಂದವು. ಆ ಮಾತು ನಂಬಿದ್ದಕ್ಕೆ ಹೋದದ್ದು 4,100ಕ್ಕೂ ಹೆಚ್ಚು ಬಿಟ್‌ಕಾಯಿನ್, ಅಂದಿನ ಬೆಲೆಯಲ್ಲಿ ಸುಮಾರು 1,900 ಕೋಟಿ ರೂಪಾಯಿ. 2025ರ ಫೆಬ್ರುವರಿಯಲ್ಲಿ ಬೈಬಿಟ್ ವಿನಿಮಯ ಕೇಂದ್ರದಿಂದ ಸುಮಾರು 150 ಕೋಟಿ ಡಾಲರ್ ಮೌಲ್ಯದ ಈಥರ್ ಎಂಬ ಕ್ರಿಪ್ಟೊ ನಾಣ್ಯ ಮಾಯವಾಯಿತು. ಅಲ್ಲಿ ಸಹಿ ಹಾಕಿದವರಿಗೆ ಪರದೆಯಲ್ಲಿ ಕಂಡದ್ದು ಎಂದಿನ ವಹಿವಾಟು, ಅದರ ಹಿಂದಿನ ಕೋಡನ್ನು ಮಾತ್ರ ಬದಲಿಸಲಾಗಿತ್ತು. ಅದೇ ವರ್ಷ ಜುಲೈನಲ್ಲಿ ಭಾರತದ ವಿನಿಮಯ ಕೇಂದ್ರ ಕಾಯಿನ್‌ಡಿಸಿಎಕ್ಸ್‌ನಿಂದ 4.4 ಕೋಟಿ ಡಾಲರ್ ಕಳುವಾದಾಗ ಬೆಂಗಳೂರು ಪೊಲೀಸರ ತನಿಖೆ ತಲುಪಿದ್ದು ಒಬ್ಬ ಸಿಬ್ಬಂದಿಯ ಲ್ಯಾಪ್‌ಟಾಪಿಗೆ. ಅಮೆರಿಕದ ಎಫ್‌ಬಿಐಗೆ 2024ರಲ್ಲಿ ಬಂದ ಕ್ರಿಪ್ಟೊ ದೂರುಗಳಲ್ಲಿನ ನಷ್ಟ 930 ಕೋಟಿ ಡಾಲರ್. ಅದರಲ್ಲಿ 280 ಕೋಟಿ ಅರವತ್ತು ದಾಟಿದವರದು. ಬಾಳಿನ ಸಂಜೆಗೆಂದು ಕೂಡಿಟ್ಟ ಹಣವದು.

ಕೇಳದೆಯೂ ದೋಚುವ ದಾರಿ ಇನ್ನೊಂದಿದೆ. ಈಥರ್ ಚಲಾವಣೆಯಲ್ಲಿರುವ ಈಥೀರಿಯಂ ಜಾಲದ ವಿಳಾಸದಲ್ಲಿ ‘0ಎಕ್ಸ್’ ಬಿಟ್ಟು 40 ಅಕ್ಷರಗಳು. ಅಷ್ಟನ್ನೂ ಹೋಲುವ ಇನ್ನೊಂದನ್ನು ಹುಡುಕುವ ಲೆಕ್ಕ 49 ಅಂಕಿಗಳಷ್ಟು ದೊಡ್ಡದು. ಆದರೆ ನಮ್ಮ ಕಣ್ಣು ನೋಡುವುದು ಮೊದಲ ನಾಲ್ಕು, ಕೊನೆಯ ನಾಲ್ಕು. ಆ ಎಂಟನ್ನು ಹೊಂದಿಸಲು ಸುಮಾರು 429 ಕೋಟಿ ಪ್ರಯತ್ನ ಸಾಕು, ಒಂದು ಗ್ರಾಫಿಕ್ಸ್ ಕಾರ್ಡಿಗೆ ಹೆಚ್ಚೆಂದರೆ ಕೆಲವು ನಿಮಿಷಗಳ ಕೆಲಸ. ಕಳ್ಳ ಆ ನಕಲಿ ವಿಳಾಸದಿಂದ ಚಿಲ್ಲರೆ ಮೊತ್ತ ಕಳಿಸಿ, ನಿಮ್ಮ ವಹಿವಾಟಿನ ಪಟ್ಟಿಯಲ್ಲಿ ಅದನ್ನು ಸೇರಿಸಿ ಕಾಯುತ್ತಾನೆ. 2024ರ ಮೇನಲ್ಲಿ ಒಬ್ಬರು ಅಂಥ ವಿಳಾಸವನ್ನು ಕಾಪಿ ಮಾಡಿ ಸುಮಾರು 7 ಕೋಟಿ ಡಾಲರ್ ಕಳಿಸಿಬಿಟ್ಟರು. ಕಳ್ಳ ಬಹುಪಾಲು ಹಿಂದಿರುಗಿಸಿದ್ದು ಅವರ ಪುಣ್ಯ. ಎಲ್ಲರಿಗೂ ಆ ಪುಣ್ಯವಿರುವುದಿಲ್ಲ, ಈ ವಹಿವಾಟನ್ನು ರದ್ದು ಮಾಡಿಸಲು ಯಾವ ಬ್ಯಾಂಕ್ ಮ್ಯಾನೇಜರೂ ಇಲ್ಲ.

ಹಾಗಾಗಿ ಹನ್ನೆರಡು ಪದಗಳನ್ನು ಕಾಗದದಲ್ಲಿ ಬರೆದಿಡಿ, ಫೋಟೊ ತೆಗೆಯಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕೂಡ ಕಳಿಸಿಕೊಳ್ಳಬೇಡಿ. ಕೇಳಿದವರು ಯಾರೇ ಆಗಲಿ, ಕಳ್ಳರೆಂದೇ ತಿಳಿಯಿರಿ. ದೊಡ್ಡ ಮೊತ್ತಕ್ಕೆ ಹಾರ್ಡ್‌ವೇರ್ ವಾಲೆಟ್ (ಕೀಲಿಯನ್ನು ಪ್ರತ್ಯೇಕವಾಗಿ ಕಾಪಾಡುವ ಸಾಧನ) ಕೊಳ್ಳಿ. ವಿಳಾಸದ 40 ಅಕ್ಷರಗಳನ್ನೂ ಓದಿ. ಮೋಸವಾದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನೂರು ಕೋಟಿ ಯಂತ್ರಗಳು ಸೋಲುವ ಕಡೆ ಕಳ್ಳ ಗೆಲ್ಲುವುದು ನಾವು ಬಾಯಿ ಬಿಟ್ಟಾಗ. ಬಾಯಿ ಬಿಡದಿದ್ದರೆ ಆ 37 ಸೊನ್ನೆಗಳು ನಮ್ಮ ಪರವಾಗಿಯೇ ಇರುತ್ತವೆ.