ಮರಳನ್ನು ಹಿಡಿದು ನಿಲ್ಲಿಸುವ ಅರ್ಫಜ್



ಮೀನಾ ಅಬ್ದುಲ್ಲಾದ ತೈಲ ಶುದ್ಧೀಕರಣಾಗಾರದ ಚಿಮಣಿಗಳನ್ನು ನಿತ್ಯವೂ ಕಾಣುವ ನಮಗೆ ಕುವೈತಿನ ನೆಲವೆಂದರೆ ಎಣ್ಣೆಯೇ ನೆನಪಾಗುವುದು ಸಹಜ. ಆದರೆ ಈ ನಾಡಿಗೂ ಒಂದು ರಾಷ್ಟ್ರಪುಷ್ಪವುಂಟು. ಅದರ ಹೆಸರು ಅರ್ಫಜ್. ಸಸ್ಯಶಾಸ್ತ್ರಜ್ಞರು ಅದನ್ನು ರಾಂಟೇರಿಯಂ ಎಪಾಪೋಸಂ ಎಂದು ಕರೆಯುತ್ತಾರೆ. ನಮ್ಮ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ ಈ ಪೊದೆ ಹೆಚ್ಚೆಂದರೆ ಸೊಂಟದೆತ್ತರ ಬೆಳೆಯುತ್ತದೆ; ಮಳೆಯಾದ ವರ್ಷ ವಸಂತದಲ್ಲಿ ಹಳದಿ ಹೂಗಳಿಂದ ತುಂಬುತ್ತದೆ.

ಇಲ್ಲಿನ ವಾರ್ಷಿಕ ಮಳೆ ಸುಮಾರು 110 ಮಿಲಿಮೀಟರು. ಆಗುಂಬೆಯಲ್ಲಿ ಅಷ್ಟು ಮಳೆ ಒಂದೇ ದಿನದಲ್ಲಿ ಸುರಿಯುವುದುಂಟು. ಇಷ್ಟರಲ್ಲೇ ಬಾಳಬೇಕಾದ ಅರ್ಫಜ್ ಬೇಸಗೆಯಲ್ಲಿ ಎಲೆಗಳನ್ನು ಉದುರಿಸಿ ಒಣಕಡ್ಡಿಯಂತೆ ನಿಲ್ಲುತ್ತದೆ. ಅದು ಮರಣವಲ್ಲ, ನಿದ್ರೆ. ಒಣಗಿದ ಹೂತಲೆಯು ಬೀಜಗಳನ್ನು ತನ್ನೊಳಗೇ ಇರಿಸಿಕೊಂಡು ಇಡಿಯಾಗಿ ನೆಲಕ್ಕೆ ಬೀಳುತ್ತದೆ. ಮುಂದೆ ಮಳೆ ಬಂದಾಗ ಅಲ್ಲಿಂದಲೇ ಮೊಳಕೆ ಹೊರಡುತ್ತದೆ.

ಇದರ ದೊಡ್ಡ ಉಪಕಾರವೆಂದರೆ ಮರಳನ್ನು ಹಿಡಿದಿಡುವುದು. ರೆಂಬೆಗಳು ಗಾಳಿಯ ವೇಗವನ್ನು ತಗ್ಗಿಸುತ್ತವೆ. ಹಾರಿಬಂದ ಮರಳು ಬುಡದಲ್ಲಿ ದಿಬ್ಬವಾಗಿ ನಿಲ್ಲುತ್ತದೆ. ಪೊದೆ ಹೋದರೆ ಮೇಲ್ಮಣ್ಣು ಸಡಿಲವಾಗಿ ಧೂಳೇಳುತ್ತದೆ. ಧೂಳಿನ ದಿನಗಳಲ್ಲಿ ಉಬ್ಬಸದ ಮಕ್ಕಳು ಪಡುವ ಪಾಡು ವೈದ್ಯರಾದ ನಮಗೂ ಗೊತ್ತು, ಪೋಷಕರಾದ ತಮಗೂ ಗೊತ್ತು.

ಅರೇಬಿಯಾದ ಬೇರೆಡೆಗಳಲ್ಲಿಯೂ ಈ ಸಸ್ಯವಿದೆ. ಕುವೈತಿನಲ್ಲಿ ಮಾತ್ರ ಅದರ ಸ್ಥಿತಿ ಶೋಚನೀಯ. 1970ರ ದಶಕದಲ್ಲಿ ದೇಶದ ಸುಮಾರು ಶೇಕಡಾ 30ರಷ್ಟು ನೆಲದಲ್ಲಿ ಅರ್ಫಜ್‌ನದೇ ಪ್ರಾಬಲ್ಯವಿತ್ತು; ಶತಮಾನ ಮುಗಿಯುವ ಹೊತ್ತಿಗೆ ಅದು ಶೇಕಡಾ 2ರ ಆಸುಪಾಸಿಗೆ ಇಳಿದಿತ್ತು. ಒಂಟೆ-ಕುರಿಗಳ ಮಿತಿಮೀರಿದ ಮೇವು, ಸೌದೆಗಾಗಿ ಕೀಳುವಿಕೆ, ವಾಹನಗಳ ಚಕ್ರದಡಿ ಗಟ್ಟಿಯಾಗಿ ನೀರಿಂಗದಂತಾದ ಮಣ್ಣು ಇದಕ್ಕೆ ಕಾರಣಗಳು. 1990-91ರ ಯುದ್ಧದಲ್ಲಿ ಕಂದಕಗಳೂ ಟ್ಯಾಂಕುಗಳೂ ನೆಲವನ್ನು ಸೀಳಿದವು. 600ಕ್ಕೂ ಹೆಚ್ಚು ಎಣ್ಣೆಬಾವಿಗಳು ಉರಿದವು. ಕೊನೆಯ ಬೆಂಕಿ ಆರಿದ್ದು 1991ರ ನವೆಂಬರ್ 6ರಂದು.

ಚಿಕಿತ್ಸೆಯೇನು? ವೈದ್ಯಶಾಸ್ತ್ರದಲ್ಲಿ ಕೆಲವು ರೋಗಗಳಿಗೆ ವಿಶ್ರಾಂತಿಯೇ ಮೊದಲ ಔಷಧಿ. ಇಲ್ಲಿಯೂ ಹಾಗೆಯೇ. ಜಹ್ರಾ ಪ್ರಾಂತದಲ್ಲಿ ಸುಮಾರು 320 ಚದರ ಕಿಲೋಮೀಟರಿಗೆ ಬೇಲಿ ಹಾಕಿರುವ ಸಬಾಹ್ ಅಲ್ ಅಹ್ಮದ್ ರಕ್ಷಿತಾರಣ್ಯದಲ್ಲಿ, ಮೇವು ಮತ್ತು ವಾಹನಗಳು ನಿಂತ ಮೇಲೆ ಅರ್ಫಜ್ ಮತ್ತೆ ಚಿಗುರಿದೆ. ಇದು ಹೊಸ ಉಪಾಯವೇನಲ್ಲ. ಹುಲ್ಲುಗಾವಲನ್ನು ಕಾಯ್ದಿರಿಸುವ 'ಹಿಮಾ' ಪದ್ಧತಿ ಅರಬರಲ್ಲಿ ಪುರಾತನವಾದುದು. ನಮ್ಮ ಮೈಸೂರು ಸೀಮೆಯ ಅಮೃತ ಮಹಲ್ ಕಾವಲುಗಳೂ ಇಂಥವೇ: ಬೇಸಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲನ್ನು ಬದಲಿಸುತ್ತಿದ್ದುದರಿಂದ ದನಕ್ಕೆ ಮೇವೂ ನೆಲಕ್ಕೆ ಬಿಡುವೂ ದೊರೆಯುತ್ತಿದ್ದವು. 'ಕಾವಲು' ಎಂಬ ಮಾತಿನಲ್ಲಿಯೇ ಆ ವಿವೇಕವಿದೆ.

ಚಳಿಗಾಲದಲ್ಲಿ ಮಕ್ಕಳೊಡನೆ ಮರುಭೂಮಿಯಲ್ಲಿ ಡೇರೆ ಹಾಕಲು ಹೋಗುವ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಈಗಾಗಲೇ ಇರುವ ಚಕ್ರದ ಜಾಡಿನಲ್ಲಿಯೇ ಗಾಡಿ ಓಡಿಸಿರಿ. ಸೌದೆಯನ್ನು ಊರಿನಿಂದಲೇ ಕೊಂಡೊಯ್ಯಿರಿ. ಒಣಗಿದಂತೆ ಕಾಣುವ ಪೊದೆಯನ್ನು ಕೀಳದಿರಿ. ಅನ್ನ ಕೊಟ್ಟ ನೆಲದ ಋಣವನ್ನು ತೀರಿಸಲು ನಮಗೆ ಇದಕ್ಕಿಂತ ಸುಲಭದ ದಾರಿ ಮತ್ತೊಂದಿಲ್ಲ.